ಬಲಮೂಲೆಯ ಮನುಷ್ಯ

ಫೋಟೋ ತೆಗೆದವರು ಮೊದಲೇ ಬಾಯಿ ಬಿಡುವಂತಿಲ್ಲ. ಗ್ರಾಂಟ್ ರೋಡಿನ ಹೋಟೆಲೊಂದರ ಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಸೇರುವ ಹವ್ಯಾಸಿ ಫೋಟೋಗ್ರಾಫರುಗಳ ಕಟ್ಟುನಿಟ್ಟಾದ ನಿಯಮ ಅದು. ಮೊದಲು ಎಲ್ಲರೂ ಸೇರಿ ಫೋಟೋಕ್ಕೆ ಮಂಗಳಾರತಿ ಮಾಡಬೇಕು, ಆಮೇಲೆ ಅದನ್ನು ತೆಗೆದ ಬಡಪಾಯಿ ಯಾರೆಂದು ತಿಳಿಯಬೇಕು. ಎಲ್ಲರೂ ಒಪ್ಪಿದ ಫೋಟೋ ಒಂದು ತಿಂಗಳು ಕೆಳಗಡೆ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಇರುತ್ತದೆ. ಊಟಕ್ಕೆ ಬಂದ ಲೋಕವೆಲ್ಲ ನೋಡುತ್ತದೆ.

ಆ ಗೋಡೆಯ ಮೇಲೆ ಸೇವಂತಿಯ ಕಣ್ಣಿತ್ತು. ಇಷ್ಟು ದಿನ ಅವಳು ಗೋರೆಗಾಂವ್‌ನಿಂದ ಗಂಡ ಸದಾನಂದನ ಜೊತೆ ಲೋಕಲ್ ರೈಲು ಹಿಡಿದು ಬರುತ್ತಿದ್ದದ್ದು ಅವನ ಟ್ರೈಪಾಡ್ ಹೊರಲಿಕ್ಕೆ, ಎಲ್ಲರಿಗೂ ಚಟ್ಟಂಬಡೆ ಹಂಚಲಿಕ್ಕೆ, ಆಮೇಲೆ ಮೂಲೆಯಲ್ಲಿ ಕೂತು ಅವನ ಭಾಷಣ ಕೇಳಲಿಕ್ಕೆ. ಈ ಸಲ ಮಾತ್ರ ತಾನು ಮೊಬೈಲಿನಲ್ಲಿ ತೆಗೆದ ಒಂದು ಫೋಟೋವನ್ನು ಲಾವಣ್ಯಾಳಿಗೆ ಗುಟ್ಟಾಗಿ ಕಳಿಸಿದ್ದಳು. ಲಾವಣ್ಯಾ ಗುಂಪಿನ ವ್ಯವಸ್ಥೆ ನೋಡಿಕೊಳ್ಳುವ ಕಾಲೇಜು ಹುಡುಗಿ, ಗುಟ್ಟು ಕಾಯುವವಳು. ಇವರೆಲ್ಲ ಚೆನ್ನಾಗಿಲ್ಲ ಅಂದರೆ ಇನ್ನು ಈ ಜನ್ಮದಲ್ಲಿ ಫೋಟೋದ ಸುದ್ದಿಗೆ ಹೋಗುವುದಿಲ್ಲ ಎಂದು ಸೇವಂತಿ ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದಳು.

ಲಾವಣ್ಯಾ ದೊಡ್ಡದಾಗಿ ಹಾಕಿಸಿದ ಪ್ರಿಂಟನ್ನು ಮೇಜಿನ ಮೇಲೆ ಹರಡಿದಳು. ಗೋರಾಯಿ ಬೀಚು. ಎಡಕ್ಕೆ ಬಾಗಿದ ತೆಂಗಿನ ಮರಗಳು, ಥಳಥಳಿಸುವ ನೀರು, ಬಲಮೂಲೆಯಲ್ಲಿ ಬೆನ್ನು ತೋರಿಸಿ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತ ಒಬ್ಬ ಮನುಷ್ಯ. ಪ್ಯಾಂಟು ಮೊಣಕಾಲಿನವರೆಗೆ ಮಡಚಿದೆ, ಬಿಸಿಲಿಗೆಂದು ತಲೆಗೆ ಬೈರಾಸು ಸುತ್ತಿದೆ, ಎರಡೂ ಮೊಣಕೈ ಅಗಲಿಸಿ ಮುಖದೆದುರು ಏನನ್ನೋ ಹಿಡಿದಿದ್ದಾನೆ. ಸಾಕ್ಷಾತ್ ಸದಾನಂದ. ಕಂಡ ಕೂಡಲೇ ಗುರುತು ಹಿಡಿದು ನಕ್ಕುಬಿಡುತ್ತಾನೆಂದು ಸೇವಂತಿ ಅವನ ಮುಖವನ್ನೇ ನೋಡುತ್ತ ಕಾದಳು.

ನಗುವುದೆಲ್ಲಿ ಬಂತು! ಆ ಪುಣ್ಯಾತ್ಮ ಕನ್ನಡಕ ಏರಿಸಿಕೊಂಡು ಶುರುವೇ ಮಾಡಿದ.

“ಜಾಗ ಒಳ್ಳೆದುಂಟು. ತೆಂಗಿನ ಮರ ಚಂದ ಬಂದಿದೆ. ಹೊರೈಜನ್ ಸ್ವಲ್ಪ ವಾಲಿದೆ, ಅದು ಸರಿ ಮಾಡ್ಬಹುದು. ಆದ್ರೆ ಈ ಮೂಲೆಯಲ್ಲಿ ಕೂತ ಜನ ಎಂತ ಮಾಡ್ತಾ ಇದ್ದಾನೆ ಮಾರಾಯ್ರೆ?”

“ಚಪ್ಪಲ್ ಕಳಕೊಂಡು ಹುಡಕ್ಲಾಕತ್ತಾನ ಕಾಣಸ್ತದ್ರಿ,” ಎಂದ ಕಲಬುರಗಿಯ ಅನಿಲಕುಮಾರ. ಬೈಕುಲ್ಲಾದ ಅಂಗಡಿಯಲ್ಲಿ ಲೆಕ್ಕ ಬರೆಯುವ ಆಸಾಮಿ, ಎದುರಿಗಿದ್ದವರ ಕಾಲೆಳೆಯದಿದ್ದರೆ ಅವನಿಗೆ ಉಂಡದ್ದು ಕರಗುವುದಿಲ್ಲ. ಎಲ್ಲರೂ ನಕ್ಕರು. ಸದಾನಂದನೂ ಹೊಟ್ಟೆ ಹಿಡಿದುಕೊಂಡು ನಕ್ಕ.

ಎಲ್ಲಿ ಕತ್ತರಿಸಬೇಕೆಂದು ತೋರಿಸಲು ಸ್ವೀಟ್ ಬಾಕ್ಸಿನ ರಟ್ಟಿನ ಪಟ್ಟಿಗಳು ಅವನ ಬಳಿ ಯಾವಾಗಲೂ ಇರುತ್ತಿದ್ದವು. ಒಂದನ್ನು ತೆಗೆದು ಫೋಟೋದ ಬಲಬದಿಗೆ ಇಟ್ಟ. ಬೈರಾಸು, ಬೆನ್ನು, ಮಡಚಿದ ಪ್ಯಾಂಟು ಎಲ್ಲ ಮಾಯ.

“ಈಗ ನೋಡಿ. ಕ್ಯಾಲೆಂಡರಿಗೆ ಹಾಕ್ಬಹುದು. ಇವನನ್ನು ತೆಗೆದ್ರೆ ಗೋಡೆಗೆ ನನ್ನ ಒಪ್ಪಿಗೆ ಉಂಟು. ಇವನಿದ್ರೆ ಇಲ್ಲ.”

ಉಳಿದವರೂ ತಲೆಯಾಡಿಸಿದರು. ಲಾವಣ್ಯಾ ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದಳು. “ಲೇಕಿನ್ ಅಂಕಲ್, ಕಟ್ ಮಾಡ್ಲಿಕ್ಕೆ ತೆಗೆದವರಿಗೆ ಕೇಳ್ಬೇಕಲ್ವಾ?” ಎಂದಳು.

ಹೂಂ ಅಂದರೆ ಸಾಕು, ಗೋಡೆ ಸೇವಂತಿಯದು. ಅವಳು ರಟ್ಟಿನ ಪಟ್ಟಿಯನ್ನು ನೋಡಿದಳು, ಅದನ್ನು ಒತ್ತಿ ಹಿಡಿದ ಗಂಡನ ಬೆರಳುಗಳನ್ನು ನೋಡಿದಳು. ಸಿಟ್ಟು ಬಂತು, ನಗುವೂ ಬಂತು. ಆದರೆ ಆ ಬೆನ್ನಿಲ್ಲದ ಬೀಚು ಅವಳಿಗೆ ಯಾರದೋ ಊರಿನ ಹಾಗೆ ಕಂಡಿತು.

“ಕತ್ತರಿಸುವುದಾದ್ರೆ ಗೋಡೆ ಬೇಡ,” ಎಂದಳು. “ನನ್ನ ಫೋಟೋ ನನಗೆ ಕೊಡಿ.”

ಸದಾನಂದ ಅವಳತ್ತ ತಿರುಗಿದ. “ನಿನ್ನದಾ?”

“ನನ್ನದೇ. ಸಮುದ್ರ, ಮರ ಎಲ್ಲರ ಫೋಟೋದಲ್ಲೂ ಉಂಟಲ್ಲ. ನಾನು ಫೋಟೋ ತೆಗೆದದ್ದು ಮೂಲೆಯಲ್ಲಿ ಕೂತ ಅವರನ್ನು. ಬೇಕಾದ್ರೆ ಮರ ಕತ್ತರಿಸಿ.”

ಅವನು ಮೆಲ್ಲಗೆ ಪಟ್ಟಿ ಎತ್ತಿದ. ತನ್ನದೇ ಬೈರಾಸಿನ ನೀಲಿ ಗೆರೆ ಕಂಡಿತು. ಕಿವಿಯವರೆಗೆ ಕೆಂಪಾದ. “ನಾನು ಹೀಗಾ ಕೂತ್ಕೊಳ್ಳುವುದು?”

“ಮತ್ತೆ? ಬೀಚಿಗೆ ಹೋದಾಗಲೆಲ್ಲ ನೀವು ಸಮುದ್ರ ನೋಡ್ತೀರಿ, ನಾನು ನಿಮ್ಮ ಬೆನ್ನು ನೋಡ್ತೇನೆ.”

ಅವಳು ದೂರು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಆದರೂ ಅವನ ಮುಖ ಸಪ್ಪಗಾಯಿತು. ಅವನು ತೆಗೆದ ಅಷ್ಟೆಲ್ಲ ಬೀಚುಗಳಲ್ಲಿ ಒಂದರಲ್ಲೂ ಅವಳಿರಲಿಲ್ಲ, ಅದು ಅವನಿಗೆ ಆಗಷ್ಟೇ ಹೊಳೆದಿರಬೇಕು. ಸೇವಂತಿಗೆ ಪಾಪ ಅನ್ನಿಸಿತು. ಈ ಮನುಷ್ಯನ ಮೇಲೆ ತನಗೆ ಎಷ್ಟು ಪ್ರೀತಿಯಿದೆಯೆಂದು ಅಷ್ಟು ಜನರ ನಡುವೆ ನೆನಪಾಗಿ ನಾಚಿಕೆಯೂ ಆಯಿತು.

ಸದಾನಂದ ಗಂಟಲು ಸರಿಮಾಡಿಕೊಂಡ. “ನಾನು ಹೇಳಿದ್ದು ವಾಪಸ್. ಇಡೀ ಫೋಟೋ ಹೀಗೇ ಗೋಡೆಗೆ ಹೋಗ್ಲಿ.”

“ಅಣ್ಣಾರ, ಮಂದಿ ನಿಮ್ಮ ಹಿಂಭಾಗ ನೋಡ್ಕೋತ ಉಣಬೇಕಾಗ್ತದ್ರಿ,” ಎಂದ ಅನಿಲಕುಮಾರ.

“ಉಣ್ಲಿ.”

ಬೇರೆ ಯಾರೂ ಎದುರಾಡಲಿಲ್ಲ. ಫೋಟೋದ ಕೆಳಗೆ ಅಂಟಿಸುವ ಚೀಟಿಯನ್ನು ಲಾವಣ್ಯಾ ಮುಂದಿಟ್ಟುಕೊಂಡು ಪೆನ್ನು ತೆಗೆದಳು. “ಆಂಟಿ, ಹೆಸರು ಏನು ಬರೆಯುವುದು? ಸೇವಂತಿ ಸದಾನಂದ?”

ಸೇವಂತಿ ಹೂಂ ಅನ್ನುವಷ್ಟರಲ್ಲಿ ಗಂಡ ನಡುವೆ ಬಾಯಿ ಹಾಕಿದ.

“ಸೇವಂತಿ ಅಂತ ಮಾತ್ರ ಬರಿ ಮಗಾ. ನಾನು ಹೇಗೂ ಫೋಟೋದಲ್ಲಿ ಇದ್ದೇನಲ್ಲ.”