ಬಿಳಿ ಗೋಡೆಯ ಮುಂದಿನ ಕರಿ ಕುರ್ಚಿ

ನಾನು ಒಂದು ಕುರ್ಚಿ. ಆದರೆ ನನ್ನನ್ನು ಮಾಡಿಸಿದ್ದು ಕೂಡುವುದಕ್ಕಲ್ಲ, ನೋಡುವುದಕ್ಕೆ.

ಹುಬ್ಬಳ್ಳಿಯ ಮೌನೇಶ ಬಡಿಗೇರರ ಕೈಯಲ್ಲಿ, ಸಾಗವಾನಿಯಿಂದ ಹುಟ್ಟಿದೆ. ಮಾಡಿಸಿದವರು ಕಾಲೇಜಿನಲ್ಲಿ ವಾಸ್ತುಶಿಲ್ಪ ಕಲಿಸುವ ವೀರಭದ್ರ ತಡಕೋಡರು. ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂಟಾಶ್ ಒಂದು ಬೆಳ್ಳನೆಯ ಮಲಗುವ ಕೋಣೆಗೆಂದು ರಚಿಸಿದ ಕುರ್ಚಿಯ ನಕಲು ನಾನು. ಏಣಿಯಂಥ ಎತ್ತರದ ಬೆನ್ನು, ನೆಲದ ಹತ್ತಿರದವರೆಗೂ ಅಡ್ಡಪಟ್ಟಿಗಳು, ತುದಿಯಲ್ಲಿ ಚೌಕಗಳ ಜಾಲರಿ, ಮೈತುಂಬ ಕಪ್ಪು. ಮನೆ ಕಟ್ಟಿದರೆ ಅದರ ದೀಪ, ಗಡಿಯಾರಗಳನ್ನೂ ತಾನೇ ರಚಿಸುತ್ತಿದ್ದ ಮನುಷ್ಯ ಆತ. ಪಟ್ಟಿಗಳಷ್ಟೇ ಅವುಗಳ ನಡುವೆ ಕಾಣುವ ಗೋಡೆಯೂ ಮುಖ್ಯ ಎಂದು ತಡಕೋಡರು ಬಂದವರಿಗೆಲ್ಲ ಹೇಳುತ್ತಿದ್ದರು.

ಮಂಚದ ಎದುರಿನ ಬಿಳಿ ಗೋಡೆಗೆ ನನ್ನನ್ನು ನಿಲ್ಲಿಸಿದಾಗ ಅವರ ಪತ್ನಿ ಕಸ್ತೂರಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಕುರ್ಚಿ ಅಂತೀರಿ, ಕುಂದ್ರಬ್ಯಾಡ ಅಂತೀರಿ. ಪೂಜಾ ಮಾಡ್ಲೇನು?"

"ಸುಮ್ನ ನೋಡ ಮಾರಾಯ್ತಿ."

"ಟವೆಲ್ ಒಣಗ್ಸಾಕ ಛಲೋ ಐತಿ ಬಿಡ್ರಿ."

"ಹಾಕೀದಿ ನೋಡ ಮತ್ತ!"

ಬೆಳಿಗ್ಗೆ ಕಣ್ಣು ಬಿಟ್ಟೊಡನೆ ತಡಕೋಡರು ನನ್ನನ್ನು ನೋಡುತ್ತಿದ್ದರು. ಕಿಟಕಿಯ ಬಿಸಿಲಿಗೆ ನನ್ನ ನೆರಳು ಓರೆಯಾಗಿ ಗೋಡೆ ಹತ್ತುತ್ತಿತ್ತು. ವರ್ಷಗಳ ಮೇಲೆ ಒಂದು ಬೆಳಿಗ್ಗೆ ಗದರಿದರು: "ಕಸ್ತೂರಿ, ಮ್ಯಾಲಿನ ಜಾಲರಿ ಯಾರ ಕಿತ್ತಾರ?"

ಕಸ್ತೂರಿ ಬಂದು ನನ್ನ ತುದಿಯ ಮೇಲೆ ಬೆರಳಾಡಿಸಿದರು. "ಇಲ್ಲೇ ಐತಲ್ರೀ. ಎಲ್ಲಿ ನೋಡಾಕತ್ತೀರಿ?"

ಅವರು ಕಣ್ಣೆತ್ತಿದರು, ಜಾಲರಿ ಕಂಡಿತು. ಆಸನದತ್ತ ಕಣ್ಣಿಳಿಸಿದರು; ಮಾಯವಾಯಿತು.

ಡಾಕ್ಟರು ಗ್ಲಾಕೋಮಾ ಎಂದರಂತೆ. ಕಣ್ಣಿನ ನರ ಸಾಯುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ. ಅವರು ಹೆಂಡತಿಗೆ ವಿವರಿಸುವಾಗ ನಾನೂ ಕೇಳಿಸಿಕೊಂಡೆ: ದೃಷ್ಟಿ ಸತ್ತ ಕಡೆ ಕತ್ತಲೆ ಕಾಣುವುದಿಲ್ಲ, ಸುತ್ತಲಿನ ಬಣ್ಣವನ್ನೇ ಮಿದುಳು ಅಲ್ಲಿ ಬಳಿದುಬಿಡುತ್ತದೆ. ನನ್ನನ್ನು ಎತ್ತಿ ತೋರಿಸಬೇಕಾದ ಬಿಳುಪೇ ನನ್ನನ್ನು ತಿನ್ನುತ್ತಿತ್ತು.

ಹನಿ ಔಷಧ ತಪ್ಪಲಿಲ್ಲ. ಶಸ್ತ್ರಚಿಕಿತ್ಸೆಯೂ ಆಯಿತು. ಆದರೂ ಬೆಳಗಾದರೆ ಕಸ್ತೂರಿಯ ಅದೇ ಪ್ರಶ್ನೆ: "ಇವತ್ತ ಎಷ್ಟ ಕಾಣಸ್ತೈತ್ರೀ?" ಮೊದಮೊದಲು ಆಸನ ಎನ್ನುತ್ತಿದ್ದರು. ಆಮೇಲೆ ಒಂದು ಕಾಲು. ನನ್ನ ಒಂದು ಕೀಲೂ ಸಡಿಲಾಗಿರಲಿಲ್ಲ. ಆದರೂ ನಾನು ಮುಗಿಯುತ್ತಿದ್ದೆ.

ಗೋಡೆ ಮಾಸಿದ್ದಕ್ಕೇ ಹೀಗೆ, ಸುಣ್ಣ ಹೊಡೆಸಿದರೆ ಕಂಡೀತು ಎಂದು ಕಸ್ತೂರಿ ಹಟ ಹಿಡಿದರು. ಗಂಡನನ್ನು ಎರಡು ದಿನ ತಂಗಿಯ ಮನೆಗೆ ಕಳಿಸಿ ಕೆಲಸ ಮಾಡಿಸಿದರು. ಆಳುಗಳು ನನ್ನನ್ನು ಹಿಂದಿನ ಖೋಲಿಗೆ ಸರಿಸಿದರು. ತಡಕೋಡರು ಹೇಳಿದ್ದಕ್ಕಿಂತ ಬೇಗ ಬಂದು, ತಡವರಿಸುತ್ತ ಹೋಗಿ ಮಂಚದ ಮೇಲೆ ಕುಳಿತರು. ನಾನಿನ್ನೂ ಹಿಂದಿನ ಖೋಲಿಯಲ್ಲೇ ಇದ್ದೆ; ಕಸ್ತೂರಿ ಅವಸರದಿಂದ ನನ್ನನ್ನು ಎತ್ತಿಕೊಂಡಿದ್ದರಷ್ಟೆ.

"ಛಲೋ ಮಾಡಿದಿ ಕಸ್ತೂರಿ," ಎಂದು ಆ ಕೋಣೆಯಿಂದ ಧ್ವನಿ ಬಂತು. "ಈಗ ಜಾಲರಿ ಸೈತ ಕಾಣಾಕತ್ತೈತಿ. ಕುರ್ಚಿ ಪೂರ್ತಿ ಕಾಣಸ್ತೈತಿ."

ಕಸ್ತೂರಿ ನನ್ನನ್ನು ಸದ್ದಾಗದಂತೆ ಕೆಳಗಿಟ್ಟರು. ಅಲ್ಲಿಂದಲೇ, "ನಾ ಹೇಳಿರ್ಲಿಲ್ಲೇನ್ರೀ?" ಎಂದರು.

ಮತ್ತೆ ನನ್ನನ್ನು ಅಲ್ಲಿಗೆ ಒಯ್ಯಲಿಲ್ಲ. ಒಯ್ದಿಟ್ಟರೆ ಕಾಲು ನೆಲಕ್ಕೆ ತಾಗುವ ಸದ್ದಿಗೆ, ಅಂದು ನಾನು ಅಲ್ಲಿರಲೇ ಇಲ್ಲವೆಂದು ತಡಕೋಡರಿಗೆ ತಿಳಿದುಹೋಗುತ್ತದೆ. ಕಿಟಕಿಯಿಲ್ಲದ ಈ ಖೋಲಿಯಲ್ಲಿ, ಕಾಳಿನ ಡಬ್ಬಿಗಳ ಪಕ್ಕದಲ್ಲಿದ್ದೇನೆ. ಅತ್ತ ಅವರು ಪ್ರತಿ ಬೆಳಿಗ್ಗೆ ನನ್ನ ಒಂದೊಂದು ಪಟ್ಟಿಯನ್ನೂ, ಅದು ಬೀರುವ ನೆರಳನ್ನೂ ಬಣ್ಣಿಸುತ್ತಾರೆ. ಒಂದೂ ತಪ್ಪಿರುವುದಿಲ್ಲ. ಈಚೆಗೆ ಕಸ್ತೂರಿ ಹೂಂ ಎನ್ನುವುದನ್ನೂ ಬಿಟ್ಟಿದ್ದಾರೆ. ತಡಕೋಡರು ಹೇಳುತ್ತಲೇ ಇರುತ್ತಾರೆ.