ಬಸವಮ್ಮನ ಕಿವಿ ಮಿಷನ್ನಿಗೆ ಏನಾಗಿತ್ತು?

ಹೂಟಗಳ್ಳಿಯ ಬಸವಮ್ಮ ಮೂರು ವಾರದಿಂದ ಮಹಿಳಾ ಸಂಘದ ಸಭೆಗೆ ಬಂದಿರಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುವವರು. ಗಂಡ ಬೀರಯ್ಯ ಕಡಕೊಳದ ಫ್ಯಾಕ್ಟರಿಯಿಂದ ಬರುವವರೆಗೆ, ರವಿಕೆ ಹೊಲಿಸಲು ಬಂದವರ ಮಾತೇ ಅವರಿಗೆ ಜೊತೆ. ಈಗ ಅದೂ ಇಲ್ಲ. ಕಿವಿ ಮಿಷನ್ ಹಾಕಿಕೊಂಡರೂ ಏನೂ ಕೇಳುತ್ತಿರಲಿಲ್ಲ. ಕರೆದರೂ ತಿರುಗಿ ನೋಡಲ್ಲವೆಂದು ಪಕ್ಕದ ಮನೆಯ ಕುಸುಮ ಮಾತು ಬಿಟ್ಟಿದ್ದಳು. ಬಸವಮ್ಮನಿಗೆ ಸೊಕ್ಕು ಎಂದು ಬೀದಿ ತೀರ್ಮಾನಿಸಿತು. ಇಂಥ ತೀರ್ಮಾನಕ್ಕೆ ನಮ್ಮ ಬೀದಿಗೆ ಹೆಚ್ಚು ಹೊತ್ತು ಬೇಕಿಲ್ಲ.

ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ಪ್ರೀತಿ ಬಂದು, ಕಿವಿಯ ಹತ್ತಿರ ಜೋರಾಗಿ ಕೇಳಿದಳು. “ಏನಾಯ್ತಕ್ಕ?”

“ಹೋದ್ ವರ್ಸ ಮಿಷನ್ ನಿಂತಾಗ ಹೊಸ ಸೆಲ್ ಹಾಕುದ್ಮೇಲೆ ಸರಿಹೋಗಿತ್ತು. ಈ ಸತಿ ಎರಡ್ ಸಲ ಹಾಕುದ್ರೂ ಇಲ್ಲ. ನನ್ ಕಿವಿನೇ ಹೋಯ್ತು, ಬುಡವ್ವ. ಮೂಕಿ ಥರ ಸಭೇಲಿ ಕೂರೋದಕ್ಕಿಂತ ಇಲ್ಲೇ ವಾಸಿ.”

ಪ್ರೀತಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಯಾರಿಗೆ ಯಾವ ತೊಂದರೆ ಹೇಗೆ ಬಂತು, ಏನು ಮಾಡಿದ ಮೇಲೆ ಹೋಯಿತು ಎಂದು ಅವಳು ಅದರಲ್ಲಿ ಬರೆದಿಡುತ್ತಾಳೆ.

“ಹೋದ್ ವರ್ಸ ಒಂದೇ ಸಲಕ್ಕೆ ನಿಂತಿತ್ತಾ?”

“ಹ್ಞೂಂ. ಈ ಸತಿ ಮಳೆ ಸುರುವಾದ್ಮೇಲೆ ದಿನಾ ಒಸಿ ಒಸಿ ಕಮ್ಮಿ ಆಯ್ತು.”

“ಅಂಗಾದ್ರೆ ಇದು ನಿಮ್ಮ ಹಳೇ ತೊಂದ್ರೆ ಅಲ್ಲ ಕಣಕ್ಕ. ಇಲ್ ಬರ್ದಿದೀನಿ ನೋಡಿ, ಹಿಂದಿನ್ ಬೀದಿ ಸಣ್ಣಮಾದಯ್ಯನೋರ್ದೂ ಇಂಗೇ ನಿಧಾನಕ್ಕೆ ಕಮ್ಮಿ ಆಗಿತ್ತು. ಮಿಷನ್‌ಗೆ ಕಿವಿ ಗುಗ್ಗೆ ಕಟ್ಕೊಂಡಿತ್ತು.”

“ನಾನು ದಿನಾ ಒರುಸ್ತೀನಿ. ಅವರ್ದು ನಂಗ್ಯಾಕೆ?”

“ಗುಗ್ಗೆ ಇಲ್ದಿದ್ರೆ ಬೇರೆ ಏನೋ ಅಡ್ಡ ಕಟ್ಟಿರ್ಬೇಕು. ಕೊಡಿ ಇಲ್ಲಿ.”

ಪ್ರೀತಿ ಮಿಷನ್ನಿನ ಸಣ್ಣ ಕೊಳವೆಯನ್ನು ಬೆಳಕಿಗೆ ಹಿಡಿದಳು. ಒಳಗೆ ನೀರಿನ ಹನಿ ನಿಂತಿತ್ತು. ಮಳೆಗಾಲದ ತೇವ. ಕೊಳವೆ ಬಿಚ್ಚಿ, ಚೀಲದಲ್ಲಿದ್ದ ರಬ್ಬರ್ ಬುಡ್ಡಿ ಒತ್ತಿ ಗಾಳಿ ಊದಿ, ಚೆನ್ನಾಗಿ ಒಣಗಿಸಿ ಮತ್ತೆ ಜೋಡಿಸಿ ಕಿವಿಗೆ ಹಾಕಿದಳು.

ಬಸವಮ್ಮನಿಗೆ ಮೊದಲು ಫ್ಯಾನಿನ ಸದ್ದು ಕೇಳಿಸಿತು. ಆಮೇಲೆ ಹೊರಗೆ ಕುಸುಮನ ದನಿ. ಎದ್ದು ಬಾಗಿಲಿಗೆ ಹೋದರು.

“ಕುಸುಮ, ಇಷ್ಟು ದಿನ ನಂಗೆ ಕೇಳುಸ್ತಿರ್ಲಿಲ್ಲ ಕಣವ್ವ.”

ಕುಸುಮ ಹತ್ತಿರ ಬಂದಳು. “ಒಂದ್ ಮಾತು ಹೇಳ್ಬಾರ್ದಿತ್ತಾ, ಅಕ್ಕ?” ಎಂದಳು ಮೆಲ್ಲಗೆ. ಅಷ್ಟು ಮೆಲ್ಲನೆಯ ಮಾತೂ ಕೇಳಿಸಿತಲ್ಲ ಎಂದು ಬಸವಮ್ಮನ ಕಣ್ಣು ತುಂಬಿತು. ಒಳಗೆ ಬಂದು, “ನಂದೂ ಬರ್ಕೊ ಪ್ರೀತಿ. ಯಾರ್ಗಾದ್ರೂ ಬೇಕಾಯ್ತದೆ” ಎಂದರು.

ಓದುಗರೇ, ನಿಮ್ಮ ಮನೆಯಲ್ಲೂ ಒಂದು ನೋಟ್‌ಬುಕ್ ಇಡಿ. ಏನಾದರೂ ಕೆಟ್ಟಾಗ, ಹಿಂದೆ ಯಾರಿಗೆ ಹೀಗಾಗಿತ್ತು ನೋಡಿ. ಎಲ್ಲಿ ಹೋಲುತ್ತದೆ, ಎಲ್ಲಿ ಹೋಲುವುದಿಲ್ಲ, ಎರಡನ್ನೂ ಕೇಳಿ. ಕಿವಿಯ ವಿಷಯವಾದರೆ ಪಿನ್ನು, ಕಡ್ಡಿ ಹಾಕಬೇಡಿ. ಸರಿಹೋಗದಿದ್ದರೆ ಆಸ್ಪತ್ರೆಗೆ ಹೋಗಿ. ಸರಿಹೋದರೆ ಬರೆದಿಡಿ. ಇದೆಲ್ಲಕ್ಕೂ ಮುಂಚೆ, ತೊಂದರೆಯಾಗಿದೆ ಎಂದು ಪಕ್ಕದ ಮನೆಯವರಿಗೆ ಹೇಳಿ. ಮಿಷನ್ನಿಗೆ ಹತ್ತು ನಿಮಿಷ ಸಾಕಾಯಿತು. ಬಸವಮ್ಮ ಒಬ್ಬರೇ ಕೂತ ಮೂರು ವಾರ ಮಾತ್ರ ವಾಪಸು ಬರಲಿಲ್ಲ.