ಫೋಟೋದಾಗ ಸ್ವಚ್ಛ ಕಂಡವರಿಗೆ ಕಡ

ಚಿಕ್ಕನರಗುಂದದ ಪೈಲವಾನ ಕರೆಪ್ಪನಿಗೆ ನಲವತ್ತೆರಡು ತುಂಬಿತ್ತು. ಮೊಣಕಾಲು ಕಟಕಟ ಅನ್ನುತ್ತಿದ್ದವು. ಊರ ಕುಸ್ತಿಯಲ್ಲಿ ಗೆದ್ದವರಿಗೆ ಕೊಡುವ ಬೆಳ್ಳಿ ಕಡ ಮಾತ್ರ ಅವನ ಕೈಗೆ ಒಮ್ಮೆಯೂ ಬಂದಿರಲಿಲ್ಲ. ಮೂರು ವರ್ಷ ಬಿಡದೆ ಕೊಣ್ಣೂರಿನ ಮೈಲಾರಪ್ಪನನ್ನು ಕೆಡವಿದ್ದ. ಮೂರೂ ಸಲ ಮೈಲಾರಪ್ಪ ಎದ್ದು ಮಣ್ಣು ಕೊಡವಿಕೊಂಡು, "ನನ್ನ ಬೆನ್ನು ನೆಲಕ್ಕ ಹತ್ತೇ ಇಲ್ಲ. ನಡುವ ಒಂದ ಬೆರಳು ಜಾಗಾ ಇತ್ತು" ಎಂದಿದ್ದ. ಹತ್ತಿತ್ತು ಎನ್ನುವವರು ಅರ್ಧ ಊರು, ಇಲ್ಲ ಎನ್ನುವವರು ಇನ್ನರ್ಧ. ಪಂಚನಾಗಿ ತೀರ್ಪು ಹೇಳುವ ಶಿವನಪ್ಪ ಜಗಳವೇ ಬೇಡವೆಂದು ಕಡವನ್ನು ಪ್ರತಿ ವರ್ಷ ತನ್ನ ಟ್ರಂಕಿಗೆ ವಾಪಸು ಹಾಕುತ್ತಿದ್ದ.

ಐವತ್ಮೂರನೇ ಇಸವಿಯ ಸುಗ್ಗಿ ಮುಗಿಯಿತು. ನರಗುಂದದ ಗೌಸುಸಾಬ ಮೂರು ಕಾಲಿನ ಕ್ಯಾಮೆರಾ ತಂದಿದ್ದಾನೆ, ಕರಿ ಬಟ್ಟೆಯೊಳಗೆ ತಲೆ ತೂರಿಸಿ ಮಂದಿಯನ್ನು ಇದ್ದಂತೆಯೇ ಕಾಗದಕ್ಕೆ ಇಳಿಸುತ್ತಾನೆ ಎಂಬ ಸುದ್ದಿ ಕೇಳಿ ಕರೆಪ್ಪ ನೆಟ್ಟಗೆ ಶಿವನಪ್ಪನ ಕಟ್ಟೆಗೆ ಹೋದ.

"ಈ ವರ್ಷ ನಿಮ್ಮ ಕಣ್ಣು ಬ್ಯಾಡ್ರಿ. ಕ್ಯಾಮೆರಾದ ಕಣ್ಣು ಸಾಕು."

"ಫೋಟೋದಾಗ ಗೆದ್ದವ ಯಾರು ಅಂತ ಹ್ಯಾಂಗ ತಿಳೀಬೇಕೊ?"

"ಸೋತವ ಮಣ್ಣಾಗ ಹುಗುದಿರತಾನ. ಮ್ಯಾಲಿನವ ಸ್ವಚ್ಛ ಕಾಣಸ್ತಾನ. ಫೋಟೋದಾಗ ಸ್ವಚ್ಛ ಕಂಡವರಿಗೆ ಕಡ ಅಂತ ಕಾಗದಾ ಬರೀರಿ. ಮೊದಲ ಸಹಿ ನಂದು."

ಶಿವನಪ್ಪ ಬರೆದ. ಕರೆಪ್ಪ ಸಾಲಿಯಲ್ಲಿ ಕಲಿತ ಅಕ್ಷರಗಳನ್ನೆಲ್ಲ ನೆನೆಸಿಕೊಂಡು ಸಹಿ ಹಾಕಿದ. ಮೈಲಾರಪ್ಪನೂ ಹಾಕಿದ.

ಕುಸ್ತಿಯ ದಿನ ಗೌಸುಸಾಬ ಕ್ಯಾಮೆರಾ ಹೂಡಿ ಎಲ್ಲರಿಗೂ ಹೇಳಿದ: "ಫೋಟೋ ಇಳಿಯೂ ಗಾಜು ಒಂದ ಅದ. ನಾ ಮುಚ್ಚಳ ತಗದು ಆರು ಎಣಿಸೂ ಮಟ ಯಾರೂ ಅಳ್ಳಾಡಬ್ಯಾಡ್ರಿ."

"ನಾನು ಅವನ ಎದಿ ಮ್ಯಾಲೆ ಕೂತಿರತೀನಿ, ಸಾಬರ. ಅವ ಹ್ಯಾಂಗ ಅಳ್ಳಾಡ್ಯಾನು?" ಎಂದ ಕರೆಪ್ಪ.

ಕುಸ್ತಿ ಹಿಡಿಯಿತು. ಕಾಲು ತಾಸಿನಲ್ಲಿ ಕರೆಪ್ಪ ಎದುರಾಳಿಯನ್ನು ಟೊಂಕಕ್ಕೆ ಹಾಕಿ ಎತ್ತಿ, ಜೋಳದ ಚೀಲದಂತೆ ಒಗೆದ. ಬೆನ್ನು ನೆಲಕ್ಕೆ ಬಡಿದ ಸಪ್ಪಳ ಅವನ ಕಿವಿಗೇ ಬಿತ್ತು. ಎದೆಯ ಮೇಲೆ ಕುಳಿತು, "ಲಗೂ ತಗೀರಿ, ಸಾಬರ" ಎಂದು ಕೂಗಿದ. ಗೌಸುಸಾಬ ಮುಚ್ಚಳ ತೆಗೆದ. ಒಂದು, ಎರಡು. ಕೆಳಗಿನವ ಹಾವಿನಂತೆ ಹೊರಳಾಡುತ್ತಿದ್ದ. ಕರೆಪ್ಪ ಅವನನ್ನು ಅದುಮಿದ, ಒತ್ತಿದ, "ಸುಮ್ನ ಬೀಳಲೇ" ಎಂದು ಗುದ್ದಿದ.

ಆರು ಮುಗಿದ ಮೇಲೆ ಕರೆಪ್ಪ ತಲೆ ಎತ್ತಿ ನೋಡಿದರೆ ಊರಿನ ಒಬ್ಬ ಮನುಷ್ಯನ ಮುಖವೂ ತನ್ನ ಕಡೆಗಿರಲಿಲ್ಲ. ಎಲ್ಲರೂ ಫೋಟೋದಲ್ಲಿ ಬರಬೇಕೆಂದು ಕ್ಯಾಮೆರಾದ ಎದುರು ನೂಕಾಡುತ್ತಿದ್ದರು. ಪಂಚ ಶಿವನಪ್ಪನೇ ಹೊಸ ರುಮಾಲು ಸರಿಮಾಡಿಕೊಳ್ಳುತ್ತ ಕ್ಯಾಮೆರಾ ನೋಡುತ್ತಿದ್ದ.

"ಬೆನ್ನು ಹತ್ತಿದ್ದು ನೋಡಿದ್ರಿಲ್ಲ?"

"ನಾವ್ಯಾಕ ನೋಡಬೇಕೊ? ಕ್ಯಾಮೆರಾ ನೋಡೇತಲ್ಲ."

ಗಾಜು ತೊಳೆದು ಫೋಟೋ ಬರಲು ಮೂರು ದಿನ ಬೇಕು. ಆ ಮೂರು ದಿನ ಊರಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಕರೆಪ್ಪನ ಹೆಂಡತಿ ಶಂಕ್ರವ್ವ ಹೋಳಿಗೆಗೆ ಬೇಳೆ ನೆನೆಹಾಕಿ, ಗೆದ್ದದ್ದು ಖಾತ್ರಿ ಇಲ್ಲವೆಂದು ಅದನ್ನು ಬಸಿದು ಸಾರು ಮಾಡಿದಳು.

ನಾಲ್ಕನೆಯ ದಿನ ಶಿವನಪ್ಪ ಕಟ್ಟೆಯ ಮೇಲೆ ಫೋಟೋ ಹಿಡಿದ. ಅಖಾಡದ ನಡುವೆ ಒಲೆಗೆ ಹಸಿ ಕಟ್ಟಿಗೆ ಇಟ್ಟಂತೆ ಹೊಗೆ. ಆ ಹೊಗೆ ಅಳ್ಳಾಡಿದ ಕರೆಪ್ಪ ಮತ್ತು ಮೈಲಾರಪ್ಪ. ಸುತ್ತ ಇನ್ನಷ್ಟು ಹೊಗೆ, ಅದು ಊರು. ಒಂದು ಹೊಗೆಗೆ ರುಮಾಲಿತ್ತು. ಆಚೆ ದಂಡೆಯಲ್ಲಿ ಶೇಂಗಾ ಬುಟ್ಟಿಯ ಹಿಂದೆ, ಮೊಣಕಾಲ ಮೇಲೆ ಕೈಯಿಟ್ಟು ಕುಳಿತ ಗಾಳೆವ್ವ ಮೂಗಿನ ನತ್ತಿನ ಹರಳು ಸಮೇತ ಸ್ವಚ್ಛ ಕಾಣುತ್ತಿದ್ದಳು. ಅಖಾಡದ ಬದಿಯಲ್ಲಿ ಮೂವತ್ತು ವರ್ಷದಿಂದ ಶೇಂಗಾ ಮಾರುವ ಮುದುಕಿ ಆಕೆ. ಕುಸ್ತಿಯನ್ನೂ ನೋಡಿದವಳಲ್ಲ, ಕ್ಯಾಮೆರಾವನ್ನೂ ನೋಡಿದವಳಲ್ಲ.

ಶಿವನಪ್ಪ ಕಾಗದವನ್ನು ಎರಡು ಸಲ ಓದಿ ಗಂಟಲು ಸರಿಮಾಡಿಕೊಂಡ. "ಕಡಾ ಗಾಳೆವ್ವಗ."

ಕರೆಪ್ಪ ಕಟ್ಟೆಯ ಕಲ್ಲಿಗೆ ಕೈ ಗುದ್ದಿದ. "ಆಕಿ ಯಾರನ್ನ ಕೆಡವ್ಯಾಳ್ರಿ?"

"ಕೆಡವಿದವರಿಗೆ ಅಂತ ಬರದಿಲ್ಲಪ. ಮೊದಲ ಸಹಿ ಯಾರದು, ನೋಡ್ಕೊ."

ಗಾಳೆವ್ವ ಕಡವನ್ನು ತಿರುಗಿಸಿ ನೋಡಿ, ಕೈಗೆ ಏರಿಸಿಕೊಂಡು, ಅದೇ ಕೈಯಿಂದ ಶೇಂಗಾ ಅಳೆಯತೊಡಗಿದಳು. ಇನ್ನು ಕರೆಪ್ಪನಿಗೆ ಒಂದೇ ದಾರಿ. ಕಡ ತೊಟ್ಟವರ ಅಂಗೈಗೆ ಯಾರಾದರೂ ಅಖಾಡದ ಮಣ್ಣು ಹಾಕಿದರೆ ಅವರು ಆಡಲೇಬೇಕು. ಅಪ್ಪ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಕರೆಪ್ಪ ಒಂದು ಹಿಡಿ ಮಣ್ಣು ತಂದು, ಮುಖ ಬೇರೆ ಕಡೆ ತಿರುಗಿಸಿಕೊಂಡು, ಮುದುಕಿಯ ಅಂಗೈಗೆ ಸುರಿದ.

"ಎಷ್ಟಂದ್ರೂ ನೀ ನನಗ ಅವ್ವ ಇದ್ದಂಗ. ಸಿಟ್ಟಾಗಬ್ಯಾಡ."

"ಸಿಟ್ಟ್ಯಾಕಪ. ನಾ ಹ್ಯಾಂಗ ಗೆದ್ದೀನೋ ಹಂಗ ನನ್ನ ಸೋಲಸು. ಬಾ, ಕೂಡು."

ಶಿವನಪ್ಪ ಹೊಸ ಕಾಗದ ಬರೆದ. ಇಬ್ಬರೂ ಕ್ಯಾಮೆರಾ ಎದುರು ಅಲುಗಾಡದೆ ಕೂಡಬೇಕು. ಇಬ್ಬರೂ ಸ್ವಚ್ಛ ಬಂದರೆ ಕಡ ಸವಾಲು ಹಾಕಿದವನಿಗೆ. ಕರೆಪ್ಪನಿಗೆ ನಗು ಬಂತು. ಆರು ಎಣಿಸುವವರೆಗೆ ಕೂಡುವುದು ಯಾವ ಘನಕೆಲಸ?

ಆದರೆ ಆ ದಿನ ಮೋಡ ಮುಚ್ಚಿತ್ತು. "ಬೆಳಕ ಇಲ್ರಿ, ನಲವತ್ತು ಎಣಿಸಬೇಕು" ಎಂದ ಗೌಸುಸಾಬ. ಕೊಣ್ಣೂರಿನವರೂ ನೋಡಲು ಬಂದರು. ಲಂಗೋಟಿ ಬಿಗಿದು, ಮೈಗೆ ಮಣ್ಣು ಬಳಿದುಕೊಂಡು ಕರೆಪ್ಪ ಶೇಂಗಾ ಬುಟ್ಟಿಯ ಪಕ್ಕ ಕುಳಿತ. ಗೌಸುಸಾಬ ಮುಚ್ಚಳ ತೆಗೆದ.

ಹತ್ತಕ್ಕೆ ಮೂಗಿನ ಮೇಲೆ ನೊಣ ಕೂತಿತು. ತಡೆದುಕೊಂಡ. ಹದಿನೈದಕ್ಕೆ ಶಂಕ್ರವ್ವ ಗಂಡನಿಗೆ ನೆರವಾಗಲೆಂದು ಬಂದು, "ಒಂದ ಪಾವು ಶೇಂಗಾ ಕೊಡು, ಗಾಳೆವ್ವ" ಎಂದಳು. ಮುದುಕಿ ತುಟಿ ಕೂಡ ಅಲ್ಲಾಡಿಸದೆ, "ನೀನ ಅಳಕೊಂಡು ತಗೋ" ಎಂದಳು. ಇಪ್ಪತ್ತೈದಕ್ಕೆ ಇರುವೆ ತೊಡೆ ಹತ್ತಿತು. ಕರೆಪ್ಪನ ಕಣ್ಣಲ್ಲಿ ನೀರಾಡಿದರೂ ಕಲ್ಲಿನಂತೆ ಕುಳಿತಿದ್ದ.

ಇದನ್ನೆಲ್ಲ ನೋಡುತ್ತಿದ್ದ ಮೈಲಾರಪ್ಪನಿಗೆ ತಡೆಯಲಾಗಲಿಲ್ಲ. ನಾಲ್ಕು ಸಲ ತನ್ನನ್ನು ಎತ್ತಿ ಒಗೆದ ಗಂಡಸು ಶೇಂಗಾ ಬುಟ್ಟಿಯ ಪಕ್ಕ ಇರುವೆ ಕಡಿಸಿಕೊಳ್ಳುತ್ತ ಕುಳಿತಿದ್ದಾನಲ್ಲ! ಪಕ್ಕದವನಿಗೆ ಹೇಳಿದರೂ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ: "ಖರೇ ಹೇಳತೀನಿ. ನನ್ನ ಬೆನ್ನು ಹತ್ತಿತ್ತು. ಮೂರೂ ವರ್ಷ ಹತ್ತಿತ್ತು, ಈ ವರ್ಷನೂ ಹತ್ತಿತ್ತು."

ಗೌಸುಸಾಬ ಮೂವತ್ತೊಂದು ಎನ್ನುತ್ತಿದ್ದ.

ಕರೆಪ್ಪ ಚಂಗನೆ ಎದ್ದು ನಿಂತ. "ಕೇಳಿದ್ರಿಲ್ಲ, ಶಿವನಪ್ಪನವರ? ಎಲ್ಲಾರೂ ಕೇಳಿದ್ರಿಲ್ಲ?"

"ಕೇಳಿದ್ವಿ" ಎಂದ ಶಿವನಪ್ಪ. "ಆದರ ನೀ ಎದ್ದಿ."

ಆ ಫೋಟೋವನ್ನು ಕರೆಪ್ಪ ಕಟ್ಟು ಹಾಕಿಸಿ ಬಾಗಿಲ ಎದುರೇ ತೂಗುಹಾಕಿದ. ಅದರಲ್ಲಿ ಕಡ ತೊಟ್ಟ ಗಾಳೆವ್ವ ಸ್ವಚ್ಛ ಕುಳಿತಿದ್ದಾಳೆ, ಪಕ್ಕದಲ್ಲಿ ಆಳೆತ್ತರದ ಒಂದು ಹೊಗೆ ಎದ್ದಿದೆ. ಮನೆಗೆ ಬಂದವರ ಚಹಾ ಮುಗಿಯುವ ಮೊದಲೇ ಕರೆಪ್ಪ ಆ ಹೊಗೆಗೆ ಬೆರಳಿಟ್ಟು ತೋರಿಸುತ್ತಾನೆ.

"ಇದು ನಾನು. ಗೆದ್ದೀನಿ ಅಂತ ಕೇಳಿ ಎದ್ದಿದ್ದು."